ಇಂಗ್ಲಿಷಿನ 'ಟೈಮ್' ಪೋರ್ಚುಗೀಸಿಗೆ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

'ಟೈಮ್' ಎಂಬ ಪದಕ್ಕಾಗಿ ಯಾರೂ ನಿಘಂಟು ತೆರೆಯುವುದಿಲ್ಲ. ಅನುವಾದ ಕೆಡುವುದು ಅಲ್ಲಿಯೇ. ಪೋರ್ಚುಗೀಸ್ ಕಲಿಯುತ್ತಿರುವವರು, ಬೆಂಗಳೂರಿನಲ್ಲಿ ಕುಳಿತು ಬ್ರೆಜಿಲ್ ಅಥವಾ ಪೋರ್ಚುಗಲ್ ಮಾರುಕಟ್ಟೆಗೆ ತಂತ್ರಾಂಶ ಸಿದ್ಧಪಡಿಸುವವರು, ಲಿಸ್ಬನ್‌ಗೆ ಓದಲು ಹೊರಟವರು ಈ ಒಂದು ಪದದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ತೆರನಾಗಿರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಉಚ್ಚಾರಣೆಯ ಬಗ್ಗೆ ಮೊದಲೇ ಒಂದು ಮಾತು. ಪೋರ್ಚುಗೀಸ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕಿವಿಗೆ ಹತ್ತಿರವಾಗುವಂತೆ ಬರೆದಿದ್ದೇನೆ. ಪದದ ಕೊನೆಯ 'ಒ' ಎರಡೂ ದೇಶಗಳಲ್ಲಿ 'ಉ' ಎಂದೇ ಕೇಳಿಸುತ್ತದೆ. ಪದದ ಕೊನೆಯ 'ಸ್' ಪೋರ್ಚುಗಲ್‌ನಲ್ಲಿ ಸಾಮಾನ್ಯವಾಗಿ 'ಶ್' ಆಗುತ್ತದೆ. ಬ್ರೆಜಿಲ್‌ನ ಬಹುಭಾಗದಲ್ಲಿ 'ತಿ', 'ದಿ' ಎಂಬುವು 'ಚಿ', 'ಜಿ' ಆಗುತ್ತವೆ. ಇಷ್ಟು ನೆನಪಿದ್ದರೆ ಮುಂದಿನದು ಓದಲು ಸಾಕು.

'ಟೈಮ್'ಗೆ ಪೋರ್ಚುಗೀಸಿನಲ್ಲಿ ಒಂದೇ ಪದ ಯಾಕೆ ಇಲ್ಲ?

ಕನ್ನಡದಲ್ಲಿ ಇದೆಯೇ? ಸಮಯ, ವೇಳೆ, ಹೊತ್ತು, ಕಾಲ, ಗಂಟೆ, ಸಲ, ಬಾರಿ, ಸಾರಿ, ಪಟ್ಟು, ಅವಧಿ, ಗಡುವು. ಇವೆಲ್ಲವೂ ಸಂದರ್ಭ ಬಂದಾಗ ಆ ಒಂದು ಇಂಗ್ಲಿಷ್ ಪದಕ್ಕೆ ಉತ್ತರವಾಗಿ ನಿಲ್ಲುತ್ತವೆ. ಪೋರ್ಚುಗೀಸೂ ನಮ್ಮ ಸಾಲಿನಲ್ಲೇ ಇದೆ. ಗಡಿಯಾರ ತೋರಿಸುವುದು, ಕಳೆದುಹೋಗುವುದು, ಮತ್ತೆ ಮತ್ತೆ ಆಗುವುದು ಈ ಮೂರನ್ನೂ ಒಂದೇ ಪದದಲ್ಲಿ ತುಂಬಿಟ್ಟಿರುವುದು ಇಂಗ್ಲಿಷಿನ ಅಭ್ಯಾಸ.

ಪೋರ್ಚುಗೀಸಿನಲ್ಲಿ ಮುಖ್ಯವಾಗಿ ಮೂರು ಪದಗಳಿವೆ: ತೆಂಪು, ಓರ, ವೇಸ್. ಇವುಗಳ ಹಿಂದೆ ಪ್ರಾಜು, ಏಪೊಕ, ಅಲ್ತೂರ, ಒರಾರಿಯು ಎಂಬ ಇನ್ನೊಂದು ಸಾಲು ಇದೆ. ಮೊದಲ ಮೂರು ಕೈವಶವಾದರೆ ದಿನನಿತ್ಯದ ಬಳಕೆಯ ಬಹುಪಾಲು ದಾಟಿದಂತೆ.

ಈ ಮೂರರಲ್ಲಿ ಯಾವುದು ಬೇಕೆಂದು ತಕ್ಷಣ ತಿಳಿಯುವುದು ಹೇಗೆ?

ಇಂಗ್ಲಿಷ್ ವಾಕ್ಯವನ್ನು ಪಕ್ಕಕ್ಕಿಟ್ಟು, ಆ ಮಾತು ಯಾವ ಪ್ರಶ್ನೆಗೆ ಉತ್ತರವಾಗಿದೆ ಎಂದು ಕನ್ನಡದಲ್ಲಿ ಕೇಳಿಕೊಳ್ಳಿ. ಕನ್ನಡಿಗರಿಗೆ ಇದಕ್ಕಿಂತ ಚುರುಕಾದ ಉಪಾಯವನ್ನು ನಾನು ಕಂಡಿಲ್ಲ.

'ಎಷ್ಟು ಹೊತ್ತು?' ಎಂಬ ಪ್ರಶ್ನೆ ಹೊಂದಿದರೆ ತೆಂಪು. ಕ್ವಾಂತು ತೆಂಪು? ಎಂದರೆ ಎಷ್ಟು ಹೊತ್ತು, ಎಷ್ಟು ಕಾಲ. ನನಗೆ ಪುರುಸೊತ್ತಿಲ್ಲ ಎನ್ನುವುದೂ ಇದರಲ್ಲೇ: ನಾಂವ್ ತೇನ್ಯು ತೆಂಪು. ಕಳೆಯುವ, ಉಳಿಸುವ, ಹಾಳುಮಾಡುವ, ಸಾಲದೆ ಹೋಗುವ ಸಮಯವೆಲ್ಲ ತೆಂಪು.

'ಎಷ್ಟು ಗಂಟೆಗೆ?' ಎಂಬ ಪ್ರಶ್ನೆ ಹೊಂದಿದರೆ ಓರ. ಈಗ ಎಷ್ಟು ಗಂಟೆ ಎನ್ನಲು ಕಿ ಓರಸ್ ಸಾಂವ್? ಎಷ್ಟು ಗಂಟೆಗೆ ಶುರು ಎನ್ನಲು ಅ ಕಿ ಓರಸ್ ಕೊಮೆಸ? ಗಡಿಯಾರದ ಮುಳ್ಳು ಎಲ್ಲಿದೆ ಎಂಬುದು ಇಲ್ಲಿಯ ವಿಷಯ. 'ಹೊರಡುವ ಹೊತ್ತಾಯಿತು' ಎನ್ನುವಂಥ ಕಡೆಯೂ ಓರ ಬರುತ್ತದೆ: ಎಸ್ತಾ ನ ಓರ. ಹೊತ್ತು ಎಂಬ ಕನ್ನಡ ಪದ ಅಲ್ಲಿ ಅಳತೆಯನ್ನು ಹೇಳದೆ ಒಂದು ನಿರ್ದಿಷ್ಟ ಗಳಿಗೆಯನ್ನು ಹೇಳುತ್ತಿರುವುದರಿಂದ ಹೀಗೆ.

'ಎಷ್ಟು ಸಲ?', 'ಎಷ್ಟನೆಯ ಸಲ?' ಎಂಬ ಪ್ರಶ್ನೆ ಹೊಂದಿದರೆ ವೇಸ್. ಬಹುವಚನ ವೇಜಿಸ್. ಮೊದಲ ಸಲ, ಈ ಸಲ, ಮುಂದಿನ ಸಲ, ಕೆಲವೊಮ್ಮೆ ಎಲ್ಲವೂ ಇದರ ಮನೆ.

ಇಂಗ್ಲಿಷಿನಲ್ಲಿ ಒಂದೇ ಪದದಿಂದ ಮುಗಿಯುವ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಿ ನೋಡಿ. ಬಸ್ಸಿಗೆ ಎಷ್ಟು ಹೊತ್ತು ಬೇಕು? ಬಸ್ಸು ಎಷ್ಟು ಗಂಟೆಗೆ? ಬಸ್ಸು ದಿನಕ್ಕೆ ಎಷ್ಟು ಸಲ? ಮೂರು ಬೇರೆ ಪದಗಳು ತಾವಾಗಿಯೇ ಬಂದವು. ಪೋರ್ಚುಗೀಸಿಗೂ ಅಷ್ಟೇ ಸಾಕು.

ಹಾಗಾದರೆ ಕನ್ನಡದಿಂದಲೇ ನೇರವಾಗಿ ಹೋದರೆ ತಪ್ಪೇ ಆಗುವುದಿಲ್ಲವೇ?

ಆಗುತ್ತದೆ, ಆದರೆ ಕಡಿಮೆ. ಕನ್ನಡ ನಿಮ್ಮನ್ನು ದಾರಿ ತಪ್ಪಿಸುವ ಜಾಗಗಳು ಗೊತ್ತಿದ್ದರೆ ಒಳ್ಳೆಯದು.

ಮೊದಲನೆಯದು ಹವಾಮಾನ. ತೆಂಪು ಎಂದರೆ ಸಮಯ ಮಾತ್ರವಲ್ಲ, ಹೊರಗಿನ ಬಿಸಿಲು ಮಳೆಯೂ ಹೌದು. ಕೋಮು ಎಸ್ತಾ ಉ ತೆಂಪು? ಎಂದು ಕೇಳಿದವರಿಗೆ ಗಡಿಯಾರ ನೋಡಿ ಉತ್ತರ ಕೊಡಬೇಡಿ. ಅವರು ಮೋಡವಿದೆಯೇ ಎಂದು ಕೇಳುತ್ತಿದ್ದಾರೆ. ಹವಾಮಾನ ಮುನ್ಸೂಚನೆಗೆ ಪ್ರೆವಿಜಾಂವ್ ದು ತೆಂಪು ಎಂದು ಹೆಸರು. ತೆಂಪು ಬೋಂ ಎಂದರೆ ಒಳ್ಳೆಯ ಹವೆ. ಅದನ್ನೇ ಬಹುವಚನ ಮಾಡಿ, ಗುಣವಾಚಕವನ್ನು ಮುಂದಕ್ಕೆ ತಂದು ಬೋಂಸ್ ತೆಂಪುಸ್ ಎಂದರೆ 'ಆಹಾ, ಆ ಕಾಲ!' ಎಂಬ ಹಳಹಳಿಕೆ. ನಮ್ಮ 'ಕಾಲ' ಮಳೆಗಾಲ, ಚಳಿಗಾಲ ಎಂಬಲ್ಲಿ ಹವೆಯ ಹತ್ತಿರ ಸುಳಿಯುತ್ತದೆ. ಆದರೂ 'ಇವತ್ತು ಕಾಲ ಹೇಗಿದೆ' ಎಂದು ನಾವು ಮಳೆಯ ಬಗ್ಗೆ ಕೇಳುವುದಿಲ್ಲ. ಕೇಳಿದರೆ ಕೇಳಿದವರಿಗೆ ವಯಸ್ಸಾಗಿದೆ ಎಂದು ಅರ್ಥ.

ಎರಡನೆಯದು ಸರದಿ. ಸಾಲಿನಲ್ಲಿ ನಿಂತಾಗ 'ಈಗ ನನ್ನ ಸರದಿ' ಎನ್ನಲು ಪೋರ್ಚುಗೀಸಿನಲ್ಲಿ ಮತ್ತೆ ವೇಸ್ ಬರುತ್ತದೆ: ಎ ಅ ಮಿನ್ಯ ವೇಸ್. ಸಲ ಮತ್ತು ಸರದಿ ಕನ್ನಡದಲ್ಲಿ ಬೇರೆ ಬೇರೆಯಾಗಿರುವುದರಿಂದ ಇದು ನಮಗೆ ಹೊಳೆಯುವುದಿಲ್ಲ. ಲ್ಯಾಟಿನ್ ಮೂಲಕ್ಕೆ ಹೋದರೆ ಸಂಬಂಧ ತಿಳಿಯುತ್ತದೆ. ಸರದಿ, ಬದಲಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ವೇಸ್ ಬಂದಿದೆ. ಉಪಾಧ್ಯಕ್ಷರಿಗೆ ಇಂಗ್ಲಿಷಿನಲ್ಲಿ ಅಂಟಿಸುವ 'ವೈಸ್' ಕೂಡ ಅದೇ ಬೇರಿನದು: ಇನ್ನೊಬ್ಬರ ಬದಲಿಗೆ ನಿಲ್ಲುವವರು.

ಮೂರನೆಯ ಕಡೆ ಕನ್ನಡ ಮೋಸ ಮಾಡದೆ ಕೈಹಿಡಿಯುತ್ತದೆ. ವ್ಯಾಕರಣದ ಭೂತಕಾಲ, ಭವಿಷ್ಯತ್ಕಾಲಗಳಿಗೆ ಇಂಗ್ಲಿಷಿನಲ್ಲಿ ಬೇರೆಯೇ ಪದವಿದೆ. ಪೋರ್ಚುಗೀಸಿನಲ್ಲಿ ಅವು ತೆಂಪು ವೆರ್ಬಾಲ್, ಅಂದರೆ ಕ್ರಿಯಾಪದದ ಕಾಲ. ನಮ್ಮ ಶಾಲೆಯ ವ್ಯಾಕರಣ ಪುಸ್ತಕದ ಮಾತೇ ಅಲ್ಲಿಯೂ ಇದೆ.

ಗಂಟೆ ಹೇಳುವಾಗ ಗಮನಿಸಬೇಕಾದದ್ದೇನು?

ಏಕವಚನ, ಬಹುವಚನ. ಪ್ರಶ್ನೆ ಯಾವಾಗಲೂ ಬಹುವಚನದಲ್ಲಿ, ಆದರೆ ಉತ್ತರ ಗಂಟೆಯನ್ನು ನೋಡಿಕೊಂಡು ಬದಲಾಗುತ್ತದೆ. ಒಂದು ಗಂಟೆಗೆ ಎ ಉಮ ಓರ. ಎರಡರಿಂದ ಮುಂದಕ್ಕೆ ಸಾಂವ್ ದೂವಸ್ ಓರಸ್, ಸಾಂವ್ ತ್ರೇಸ್ ಓರಸ್. ನಡುಹಗಲಿಗೆ ಮತ್ತು ನಡುರಾತ್ರಿಗೆ ಏಕವಚನ: ಎ ಮೇಯು-ದಿಯ, ಎ ಮೇಯ-ನೋಯ್ತಿ.

ಓರ ಸ್ತ್ರೀಲಿಂಗ. ಆದ್ದರಿಂದ ಜೊತೆಗೆ ಬರುವ ಒಂದು, ಎರಡು ಎಂಬ ಸಂಖ್ಯೆಗಳೂ ಸ್ತ್ರೀಲಿಂಗ ರೂಪದಲ್ಲಿರಬೇಕು: ಉಮ, ದೂವಸ್. ಪುಲ್ಲಿಂಗದ ದೋಯ್ಸ್ ಬಳಸಿದರೆ ತಪ್ಪು. ಮೂರೂವರೆಗೆ ತ್ರೇಸ್ ಇ ಮೇಯ. ಇಲ್ಲಿಯ ಮೇಯ ಎಂದರೆ ಅರ್ಧ ಗಂಟೆ, ಅದೂ ಸ್ತ್ರೀಲಿಂಗ. ಮಧ್ಯಾಹ್ನ ಹನ್ನೆರಡೂವರೆಗೆ ಬ್ರೆಜಿಲ್‌ನವರೇ ಕೆಲವರು ಮೇಯು-ದಿಯ ಇ ಮೇಯು ಎಂದುಬಿಡುತ್ತಾರೆ. ಸರಿಯಾದದ್ದು ಮೇಯು-ದಿಯ ಇ ಮೇಯ. ಕೊನೆಯ ಅರ್ಧ ದಿನದ್ದಲ್ಲ, ಗಂಟೆಯದು.

ಎರಡೂ ಮುಕ್ಕಾಲು ಎನ್ನಲು ಬ್ರೆಜಿಲ್‌ನಲ್ಲಿ 'ಮೂರಕ್ಕೆ ಹದಿನೈದು' ಎಂಬ ಧಾಟಿ. ಪೋರ್ಚುಗಲ್‌ನಲ್ಲಿ 'ಮೂರಕ್ಕೆ ಕಾಲು', 'ಮೂರರಲ್ಲಿ ಕಾಲು ಕಡಿಮೆ' ಎಂಬ ಧಾಟಿಗಳು. ಬರಹದಲ್ಲಿ ಎರಡೂ ಕಡೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೇ ಹೆಚ್ಚು. ಬೆಳಿಗ್ಗೆ, ಸಂಜೆ ಎಂದು ಸೂಚಿಸುವ ಇಂಗ್ಲಿಷ್ ಅಕ್ಷರಗಳನ್ನು ಹಾಗೆಯೇ ಉಳಿಸಿದ ವೇಳಾಪಟ್ಟಿ ಅಲ್ಲಿ ಕಚ್ಚಾ ಕೆಲಸದಂತೆ ಕಾಣುತ್ತದೆ.

ಓರ ಎಂಬುದಕ್ಕೂ ನಮ್ಮ ಪಂಚಾಂಗದ ಹೋರೆಗೂ ಸಂಬಂಧವಿದೆಯೇ? ಅಥವಾ ಕಾಕತಾಳೀಯವೇ?

ಇದೆ. ಗ್ರೀಕ್‌ನ ಹೋರಾ ಎಂಬ ಪದ ಲ್ಯಾಟಿನ್ನಿನ ಮೂಲಕ ಪೋರ್ಚುಗೀಸಿನಲ್ಲಿ ಓರ ಆಯಿತು. ಬರವಣಿಗೆಯಲ್ಲಿ 'ಹ' ಇದೆ, ಉಚ್ಚಾರದಲ್ಲಿ ಇಲ್ಲ. ಅದೇ ಗ್ರೀಕ್ ಪದ ಜ್ಯೋತಿಷದ ಜೊತೆ ಭಾರತಕ್ಕೆ ಬಂದು ಸಂಸ್ಕೃತದಲ್ಲಿ ಹೋರಾ ಆಯಿತು. ಆರನೆಯ ಶತಮಾನದ ವರಾಹಮಿಹಿರ ಈ ಪದವನ್ನು 'ಅಹೋರಾತ್ರ'ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟು ಬಂದದ್ದೆಂದು ವಿವರಿಸಿದ. ವಿವರಣೆ ಜಾಣತನದ್ದು, ಆದರೆ ಭಾಷಾಶಾಸ್ತ್ರಜ್ಞರು ಗ್ರೀಕ್ ಮೂಲವನ್ನೇ ಒಪ್ಪುತ್ತಾರೆ. ಗುರು ಹೋರೆ, ಶುಕ್ರ ಹೋರೆ ಎಂದು ಪಂಚಾಂಗ ನೋಡುವ ಹಿರಿಯರು ಲಿಸ್ಬನ್‌ನ ರೈಲು ನಿಲ್ದಾಣದ ಫಲಕವನ್ನು ಅರ್ಧ ಓದಿದಂತೆಯೇ ಸರಿ.

ಇನ್ನೂ ಹತ್ತಿರದ ನಂಟು ಮಂಗಳೂರಿನಲ್ಲಿದೆ. 1510ರಿಂದ 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಗೋವಾದಿಂದ ಕರಾವಳಿಗೆ ವಲಸೆ ಬಂದ ಕ್ರೈಸ್ತರ ಕೊಂಕಣಿಯಲ್ಲಿ ಪೋರ್ಚುಗೀಸ್ ಪದಗಳು ಉಳಿದುಕೊಂಡವು. 'ಕಿತ್ಲಿಂ ವೊರಾಂ ಜಾಲಿಂ?' ಎಂದು ಅವರು ಗಂಟೆ ಕೇಳುತ್ತಾರೆ. ಆ ವೊರಾಂ ನಮ್ಮ ಈ ಓರಸ್. ಕಾಲಾವಧಿಗೆ ಬಳಸುವ ತೆಂಪ್ ಎಂಬುದು ತೆಂಪು. ಕೊಂಕಣಿ ಗೊತ್ತಿರುವ ಕನ್ನಡಿಗರು ಈ ಪುಟದ ಅರ್ಧವನ್ನು ಹಾರಿಸಿ ಓದಬಹುದು. ಪಾದ್ರಿ, ಇಗರ್ಜಿಗಳನ್ನು ಕೊಟ್ಟ ಭಾಷೆ ಗಂಟೆಯನ್ನೂ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಇಗರ್ಜಿಯ ಗಂಟೆಯಿಂದಲೇ ಊರಿಗೆ ಹೊತ್ತು ತಿಳಿಯುತ್ತಿದ್ದ ಕಾಲವದು.

ನಮ್ಮ ರಸ್ತೆಯ ಟೆಂಪೋಗೂ ತೆಂಪುವಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅದು ಜರ್ಮನಿಯ ಕಂಪನಿಯೊಂದರ ವಾಹನದ ಹೆಸರು. ಲ್ಯಾಟಿನ್ ಅಜ್ಜಿ ಒಬ್ಬಳೇ ಇರಬಹುದು, ಅನುವಾದಕ್ಕೆ ಮಾತ್ರ ಉಪಯೋಗವಿಲ್ಲ.

ವೇಸ್ ಬಗ್ಗೆ ಇನ್ನಷ್ಟು ಹೇಳಿ. ಗುಣಾಕಾರಕ್ಕೂ ಅದೇ ಪದವೇ?

ಹೌದು. ಎರಡು ಮೂರಲಿ ಆರು ಎನ್ನುವುದನ್ನು ದೋಯ್ಸ್ ವೇಜಿಸ್ ತ್ರೇಸ್ ಎಂದು ಓದುತ್ತಾರೆ. ಮೂರು ಪಟ್ಟು ದೊಡ್ಡದು ಎನ್ನಲೂ ತ್ರೇಸ್ ವೇಜಿಸ್. ಎರಡು ಸಲ ಎನ್ನುವಾಗ ಮಾತ್ರ ದೂವಸ್ ವೇಜಿಸ್, ಏಕೆಂದರೆ ವೇಸ್ ಸ್ತ್ರೀಲಿಂಗ. ಗುಣಾಕಾರದಲ್ಲಿ ಎರಡು ಬರೀ ಅಂಕಿಯಾಗಿ ನಿಂತಿದೆ, ಸಲದ ಎಣಿಕೆಯಾಗಿ ಅಲ್ಲ. ಅದಕ್ಕೇ ಅಲ್ಲಿ ದೋಯ್ಸ್. ಈ ಸೂಕ್ಷ್ಮ ತಪ್ಪಿದರೆ ಯಾರೂ ಜಗಳ ಮಾಡುವುದಿಲ್ಲ, ಆದರೆ ಬರೆದವರು ಹೊರಗಿನವರೆಂದು ಗೊತ್ತಾಗಿಬಿಡುತ್ತದೆ.

ಬ್ರೆಜಿಲ್‌ನ ಅಂಗಡಿಗಳಲ್ಲಿ ಬೆಲೆಯ ಪಕ್ಕದಲ್ಲಿ ಹತ್ತು ಎಂಬ ಅಂಕಿ, ಅದರ ಬೆನ್ನಿಗೆ ಗುಣಾಕಾರದ ಚಿಹ್ನೆ ಇರುತ್ತದೆ. ಹೊಸಬರು ಹತ್ತು ವಸ್ತುಗಳ ಬೆಲೆಯೆಂದು ತಿಳಿಯುತ್ತಾರೆ. ಅದನ್ನು ದೆಸ್ ವೇಜಿಸ್ ಎಂದು ಓದಬೇಕು. ಹತ್ತು ಕಂತುಗಳಲ್ಲಿ ಕೊಡಬಹುದು ಎಂದರ್ಥ. ಕ್ರೆಡಿಟ್ ಕಾರ್ಡ್ ಕೊಟ್ಟಾಗ ಅಂಗಡಿಯವರು ಕೇಳುವುದೂ 'ಎಷ್ಟು ಸಲದಲ್ಲಿ?' ಎಂದೇ. ಇಂಗ್ಲಿಷಿನಿಂದ ಹೊರಟವರಿಗೆ ಕಂತು ಎಂಬ ಅರ್ಥ ಈ ಪದದಲ್ಲಿ ಎಂದೂ ಹೊಳೆಯದು. ಪೋರ್ಚುಗಲ್‌ನಲ್ಲಿ ಕಂತಿಗೆ ಪ್ರೆಸ್ತಸಾಂವ್ ಎಂಬ ಬೇರೆ ಪದ ರೂಢಿಯಲ್ಲಿದೆ.

ವೇಸ್ ಒಳಗೊಂಡ ಕಟ್ಟುನುಡಿಗಳನ್ನು ಇಡಿಯಾಗಿಯೇ ಕಲಿಯಿರಿ. ಆಸ್ ವೇಜಿಸ್ ಎಂದರೆ ಕೆಲವೊಮ್ಮೆ. ಕಾದ ವೇಸ್ ಮಾಯ್ಸ್ ಎಂದರೆ ದಿನೇ ದಿನೇ ಹೆಚ್ಚು. ಎಂ ವೇಸ್ ದಿ ಎಂದರೆ ಅದರ ಬದಲು. ಲ್ಯಾಟಿನ್ನಿನ ಬದಲಿಯ ಅರ್ಥ ಇಲ್ಲಿ ಇನ್ನೂ ಜೀವಂತವಾಗಿದೆ. ನಮ್ಮ 'ಒಂದಾನೊಂದು ಕಾಲದಲ್ಲಿ' ಎಂಬ ಕಥೆಯ ಆರಂಭ ಅಲ್ಲಿ ಎರ ಉಮ ವೇಸ್, 'ಒಂದು ಸಲ ಇತ್ತು'. ಮಕ್ಕಳ ಕಥೆಯನ್ನು ಅನುವಾದಿಸುವಾಗ ಇಲ್ಲಿ ತೆಂಪು ತಂದರೆ ಕಥೆ ಮೊದಲ ಸಾಲಿನಲ್ಲೇ ಕುಂಟುತ್ತದೆ.

ಕೆಲವು ಕಡೆ ತೆಂಪು, ವೇಸ್ ಎರಡೂ ಸರಿ ಎನ್ನುತ್ತಾರಲ್ಲ?

ಎರಡೂ ವ್ಯಾಕರಣಕ್ಕೆ ಸರಿ, ಅರ್ಥ ಮಾತ್ರ ಬೇರೆ. 'ಬಹುಪಾಲು' ಎನ್ನುವ ಅರ್ಥದ ಇಂಗ್ಲಿಷ್ ಮಾತು ಒಂದೇ. ಪೋರ್ಚುಗೀಸಿನಲ್ಲಿ ಅ ಮಯೋರ್ ಪಾರ್ತಿ ದು ತೆಂಪು ಎಂದರೆ ಹೊತ್ತಿನ ಹೆಚ್ಚಿನ ಭಾಗ. ನ ಮಯೋರಿಯ ದಸ್ ವೇಜಿಸ್ ಎಂದರೆ ಹೆಚ್ಚಿನ ಸಲ. ಮಗು ದಿನದ ಬಹುಪಾಲು ನಿದ್ದೆ ಮಾಡುತ್ತದೆ ಎನ್ನಲು ಮೊದಲನೆಯದು. ಅರ್ಜಿ ಬಹುಪಾಲು ತಿರಸ್ಕೃತವಾಗುತ್ತದೆ ಎನ್ನಲು ಎರಡನೆಯದು. ಹಾಗೆಯೇ 'ಸದಾ' ಎನ್ನುವಲ್ಲಿ ಬ್ರೆಜಿಲ್‌ನವರು ಉ ತೆಂಪು ತೋದು ಎಂದರೆ ಎಡೆಬಿಡದೆ, ತೋದ ಓರ ಎಂದರೆ ಗಳಿಗೆಗೊಮ್ಮೆ. ಹಿನ್ನೆಲೆಯಲ್ಲಿ ಒಂದೇ ಸಮನೆ ನಡೆಯುವ ತಂತ್ರಾಂಶಕ್ಕೆ ಮೊದಲನೆಯದು ಹೊಂದುತ್ತದೆ, ಪದೇ ಪದೇ ಪಾಸ್‌ವರ್ಡ್ ಕೇಳಿ ಪೀಡಿಸುವುದಕ್ಕೆ ಎರಡನೆಯದು.

ಬ್ರೆಜಿಲ್‌ನ ಪತ್ರಿಕೆಯಲ್ಲಿ ಇಂಗ್ಲಿಷಿನ 'ಟೈಮ್' ಪದವೇ ಅಚ್ಚಾಗಿದೆ. ಅಂದರೆ ಅನುವಾದಿಸದೆ ಬಿಡಬಹುದೇ?

ಬಿಡಬೇಡಿ! ನೀವು ನೋಡಿದ್ದು ಬೇರೆ ಪದ. ಇಂಗ್ಲಿಷಿನಲ್ಲಿ ತಂಡಕ್ಕಿರುವ 'ಟೀಮ್' ಪದ ಫುಟ್‌ಬಾಲ್ ಜೊತೆ ಬ್ರೆಜಿಲ್‌ಗೆ ಹೋಯಿತು. ಅಲ್ಲಿಯವರು ಅದನ್ನು ತಮ್ಮ ಕಾಗುಣಿತಕ್ಕೆ ಒಗ್ಗಿಸಿ ಬರೆದರು, ಉಚ್ಚಾರ 'ಚೀಮಿ' ಆಯಿತು. ಬರೆದಾಗ ಅಕ್ಷರಕ್ಕೆ ಅಕ್ಷರ ಇಂಗ್ಲಿಷಿನ 'ಟೈಮ್' ಆಗಿಯೇ ಕಾಣುತ್ತದೆ. ಬ್ರೆಜಿಲ್ ಓದುಗರಿಗೆ ಆ ನಾಲ್ಕಕ್ಷರ ಎಂದರೆ ತಂಡ: ತಮ್ಮ ನೆಚ್ಚಿನ ಕ್ಲಬ್ಬು, ಕಚೇರಿಯ ಮಾರಾಟದ ತಂಡ.

ಆದ್ದರಿಂದ ತಂತ್ರಾಂಶದ ಪರದೆಯಲ್ಲಿ ಅನುವಾದಿಸದೆ ಬಿಟ್ಟ ಒಂಟಿ 'ಟೈಮ್' ಅಲ್ಲಿ ಅನುವಾದ ತಪ್ಪಿಹೋದ ಪದದಂತೆ ಕಾಣುವುದೇ ಇಲ್ಲ. 'ತಂಡ' ಎಂದು ಸರಾಗವಾಗಿ ಓದಿಸಿಕೊಳ್ಳುತ್ತದೆ. ಪರೀಕ್ಷಿಸುವವರ ಕಣ್ಣಿಗೂ ಬೀಳದೆ ಹೋಗುವ ತಪ್ಪು ಇದು. ಪೋರ್ಚುಗಲ್‌ನಲ್ಲಿ ತಂಡಕ್ಕೆ ಎಕೀಪ ಎನ್ನುತ್ತಾರೆ, ಬ್ರೆಜಿಲ್‌ನಲ್ಲಿ ಎಕೀಪಿ ಕೂಡ ಉಂಟು.

ಪೋರ್ಚುಗಲ್‌ಗೆ ಒಂದು, ಬ್ರೆಜಿಲ್‌ಗೆ ಒಂದು ಅನುವಾದ ಬೇಕೇ? ಒಂದೇ ಭಾಷೆಯಲ್ಲವೇ?

ಭಾಷೆ ಒಂದೇ, ರೂಢಿ ಎರಡು. ತೆಂಪು, ಓರ, ವೇಸ್ ಎರಡೂ ಕಡೆ ಒಂದೇ ಅರ್ಥದಲ್ಲಿ ನಡೆಯುತ್ತವೆ. ಬಿರುಕು ಕಾಣುವುದು ಅಂಚಿನ ಪದಗಳಲ್ಲಿ.

ದೊಡ್ಡ ಉದಾಹರಣೆ ಅಲ್ತೂರ. ಪದದ ಮೂಲ ಅರ್ಥ ಎತ್ತರ. ಪೋರ್ಚುಗಲ್‌ನಲ್ಲಿ 'ಆ ಸಮಯದಲ್ಲಿ' ಎನ್ನಲು ನಕೆಲ ಅಲ್ತೂರ ಎಂಬುದು ಅತಿ ಸಾಮಾನ್ಯ. ಬ್ರೆಜಿಲ್‌ನವರು ಅಲ್ಲಿ ನಕೆಲ ಏಪೊಕ ಎನ್ನುತ್ತಾರೆ. 'ಇಷ್ಟು ಹೊತ್ತಿಗಾಗಲೇ' ಎನ್ನುವಂಥ ಕೆಲವು ಮಾತುಗಳಲ್ಲಿ ಅಲ್ತೂರ ಬ್ರೆಜಿಲ್‌ನಲ್ಲೂ ಇದೆ, ಆದರೆ ಪೋರ್ಚುಗಲ್‌ನಷ್ಟು ಧಾರಾಳವಾಗಿ ಅಲ್ಲ. ಏಪೊಕ ಪೋರ್ಚುಗಲ್‌ನಲ್ಲಿ ಕ್ರೀಡಾಋತುವೂ ಹೌದು; ಬ್ರೆಜಿಲ್‌ನಲ್ಲಿ ಅದಕ್ಕೆ ತೆಂಪೊರಾದ.

ಹೊತ್ತಿಗೆ ಸರಿಯಾಗಿ ಬರುವುದಕ್ಕೆ ಪೋರ್ಚುಗಲ್‌ನಲ್ಲಿ ಅ ಓರಸ್, ಬ್ರೆಜಿಲ್‌ನಲ್ಲಿ ನ ಓರ. ಈ ನ ಓರಕ್ಕೆ ಇನ್ನೊಂದು ಅರ್ಥವೂ ಇದೆ: ತಕ್ಷಣ, ನಿಂತ ನಿಲುವಿನಲ್ಲೇ. ಪೋರ್ಚುಗಲ್ ಸರ್ಕಾರ 2005ರಲ್ಲಿ ಆರಂಭಿಸಿದ, ಒಂದೇ ಕಚೇರಿಯಲ್ಲಿ ಕಂಪನಿ ನೋಂದಾಯಿಸುವ ಸೇವೆಗೆ 'ಎಂಪ್ರೆಜ ನ ಓರ' ಎಂದೇ ಹೆಸರು. ಕೊನೆಗಳಿಗೆಯಲ್ಲಿ ಓಡಿ ಬಂದರೆ ಎಂ ಸೀಮ ದ ಓರ, ಗಂಟೆಯ ತಲೆಯ ಮೇಲೆ. ತಡವಾಗದೆ, ಕೈಮೀರುವ ಮುನ್ನ ಎಂಬ ಅರ್ಥಕ್ಕೆ ಮಾತ್ರ ಅ ತೆಂಪು. ಒಂಬತ್ತಕ್ಕೆ ಸರಿಯಾಗಿ ಕಚೇರಿ ತಲುಪುವುದು ಓರದ ಮಾತು. ಬೆಂಕಿ ಹರಡುವ ಮುನ್ನ ಆರಿಸುವುದು ತೆಂಪುವಿನ ಮಾತು.

ಉದ್ಯೋಗದ ಕಾಗದಗಳಲ್ಲೂ ಹೀಗೆಯೇ. ಪೂರ್ಣಾವಧಿ ಕೆಲಸಕ್ಕೆ ಬ್ರೆಜಿಲ್‌ನಲ್ಲಿ ತೆಂಪು ಇಂತೆಗ್ರಾಲ್, ಪೋರ್ಚುಗಲ್‌ನಲ್ಲಿ ಅ ತೆಂಪು ಇಂತೇಯ್ರು. ಹೆಚ್ಚುವರಿ ಅವಧಿಯ ದುಡಿಮೆಗೆ ಬ್ರೆಜಿಲ್‌ನಲ್ಲಿ ಓರ ಎಸ್ತ್ರ, ಪೋರ್ಚುಗಲ್‌ನಲ್ಲಿ ಓರಸ್ ಎಸ್ತ್ರಾವೊರ್ದಿನಾರಿಯಸ್. ಜನಜಂಗುಳಿಯ ಹೊತ್ತು ಬ್ರೆಜಿಲ್‌ನಲ್ಲಿ ಒರಾರಿಯು ದಿ ಪೀಕು, ಪೋರ್ಚುಗಲ್‌ನಲ್ಲಿ ಓರ ದಿ ಪೊಂತ. ಕೆಲಸ ಅಂಗೋಲಾ, ಮೊಜಾಂಬಿಕ್‌ಗೆ ಹೋಗುವುದಾದರೆ ಬರಹದ ರೂಢಿ ಪೋರ್ಚುಗಲ್‌ನದಕ್ಕೆ ಹತ್ತಿರ.

ಒಂದೇ ಅನುವಾದದಲ್ಲಿ ಎರಡೂ ದೇಶಗಳನ್ನು ಮುಗಿಸಿ ಎಂದು ಕೇಳುವ ಗ್ರಾಹಕರಿಗೆ ನನ್ನ ಉತ್ತರ: ಮುಗಿಸಬಹುದು, ಓದುವವರು ಕ್ಷಮಿಸುತ್ತಾರೆ, ಖರೀದಿಸುವುದು ಅನುಮಾನ.

ಫುಟ್‌ಬಾಲ್ ವರದಿ ಅನುವಾದಿಸುತ್ತಿದ್ದೇನೆ. ಅಲ್ಲಿ ಏನಾದರೂ ವಿಶೇಷವೇ?

ಪಂದ್ಯದ ಮೊದಲ ಅರ್ಧ ಬ್ರೆಜಿಲ್‌ನಲ್ಲಿ ಪ್ರಿಮೇಯ್ರು ತೆಂಪು, ಪೋರ್ಚುಗಲ್‌ನಲ್ಲಿ ಪ್ರಿಮೇಯ್ರ ಪಾರ್ತಿ. ತೊಂಬತ್ತು ನಿಮಿಷದ ನಂತರ ಪಂದ್ಯಕ್ಕೆ ಸೇರುವ ಅರ್ಧ ಗಂಟೆಯ ಆಟ ಬ್ರೆಜಿಲ್‌ನಲ್ಲಿ ಪ್ರೊರೊಗಸಾಂವ್, ಪೋರ್ಚುಗಲ್‌ನಲ್ಲಿ ಪ್ರೊಲೊಂಗಮೆಂತು. ಗಾಯ, ಬದಲಾವಣೆಗಳಿಂದ ಕಳೆದುಹೋದ ನಿಮಿಷಗಳನ್ನು ಕೊನೆಯಲ್ಲಿ ಕೂಡಿಸುವುದು ಬ್ರೆಜಿಲ್‌ನಲ್ಲಿ ಅಕ್ರೆಸಿಮುಸ್, ಪೋರ್ಚುಗಲ್‌ನಲ್ಲಿ ತೆಂಪು ದಿ ಕೊಂಪೆನ್ಸಸಾಂವ್. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ 'ಟೈಮ್' ಸೇರಿರುತ್ತದೆ. ಬ್ರೆಜಿಲ್‌ನ ವರದಿಯಲ್ಲಿ 'ಚೀಮಿ ಎರಡನೆಯ ತೆಂಪುವಿನಲ್ಲಿ ಚೇತರಿಸಿಕೊಂಡಿತು' ಎಂಬ ವಾಕ್ಯ ಬಂದರೆ ಬೆದರಬೇಡಿ; ತಂಡ ದ್ವಿತೀಯಾರ್ಧದಲ್ಲಿ ಚೇತರಿಸಿಕೊಂಡಿದೆ.

ತಂತ್ರಾಂಶದ ಪರದೆಯಲ್ಲಿ ಬರೀ 'ಟೈಮ್' ಎಂದಿದೆ, ಬೇರೆ ಏನೂ ಇಲ್ಲ. ಏನು ಮಾಡುವುದು?

ಪರದೆಯನ್ನು ನೋಡದೆ ಅನುವಾದಿಸಬೇಡಿ. ಕೋಷ್ಟಕದ ಒಂದು ಸಾಲಿನಲ್ಲಿ ಬಂದ ಆ ಒಂಟಿ ಪದಕ್ಕೆ ಕನಿಷ್ಠ ನಾಲ್ಕು ಉತ್ತರಗಳಿವೆ. ದಿನಾಂಕದ ಪಕ್ಕದಲ್ಲಿದ್ದರೆ ಓರ. 'ದಿನಾಂಕ ಮತ್ತು ಸಮಯ' ಎಂಬುದು ದಾತ ಇ ಓರ. ಓಡುತ್ತಿರುವ ಎಣಿಕೆ ಯಂತ್ರದ ಪಕ್ಕದಲ್ಲಿದ್ದರೆ ತೆಂಪು. ಉಳಿದಿರುವ ಸಮಯ ತೆಂಪು ರೆಸ್ತಾಂತಿ. ವೈದ್ಯರ ಭೇಟಿಗೋ ಬಸ್ಸಿಗೋ ಆಯ್ದುಕೊಳ್ಳಬೇಕಾದ ಸಮಯವಾದರೆ ಒರಾರಿಯು. ಬಹುವಚನದಲ್ಲಿದ್ದು ಪಕ್ಕದಲ್ಲಿ ಅಂಕಿಯಿದ್ದರೆ ವೇಜಿಸ್ ಆಗಿರುವ ಸಾಧ್ಯತೆ ಹೆಚ್ಚು.

ಅಭಿವೃದ್ಧಿಪಡಿಸುವವರಿಗೆ ಒಂದು ಕೋರಿಕೆ: ಆ ಒಂದು ಪದಕ್ಕೆ ಒಂದೇ ಕೀಲಿ ಕೊಟ್ಟು ಇಡೀ ತಂತ್ರಾಂಶದಲ್ಲಿ ಮರುಬಳಕೆ ಮಾಡಬೇಡಿ. ಇಂಗ್ಲಿಷಿನಲ್ಲಿ ಅದು ಮಿತವ್ಯಯ, ಪೋರ್ಚುಗೀಸಿನಲ್ಲಿ ಅನುವಾದಕರ ಕೈ ಕಟ್ಟಿಹಾಕಿದಂತೆ. ಅನುವಾದಕರು ಎಷ್ಟೇ ಜಾಣರಾದರೂ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ತಪ್ಪುತ್ತದೆ. ಸಲದ ಎಣಿಕೆಯಿರುವ ಕಡೆ ಏಕವಚನ, ಬಹುವಚನ ಎರಡಕ್ಕೂ ಜಾಗ ಇಡಿ: 1 ವೇಸ್, 5 ವೇಜಿಸ್. ಜಾಗದ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾದು ಕಾದು ಸಂಪರ್ಕ ಕಡಿದಾಗ ಬರುವ ಪುಟ್ಟ ಇಂಗ್ಲಿಷ್ ಪದಕ್ಕೆ ಪೋರ್ಚುಗೀಸಿನಲ್ಲಿ ತೆಂಪು ಲಿಮೀತಿ ಎಂಬ ಎರಡು ಪದಗಳು ಬೇಕು, ಮುಗಿಯಿತು ಎನ್ನಲು ಇನ್ನೊಂದು.

ಗಡುವು ಎಂಬ ಅರ್ಥದಲ್ಲಿ ಬಂದರೆ?

ಪ್ರಾಜು. ಸರಕು ತಲುಪಿಸುವ ಅವಧಿ ಪ್ರಾಜು ದಿ ಎಂತ್ರೆಗ. ದೀರ್ಘಾವಧಿಯಲ್ಲಿ ಎನ್ನಲು ಅ ಲೋಂಗು ಪ್ರಾಜು. ಒಪ್ಪಂದ, ಟೆಂಡರ್, ಬ್ಯಾಂಕ್ ಕಾಗದಗಳಲ್ಲಿ ತೆಂಪು ಎಂದು ಬರೆದರೆ ಅರ್ಥವಾಗುತ್ತದೆ, ಆದರೆ ಕಾನೂನಿನ ಗಾಂಭೀರ್ಯ ಉಳಿಯುವುದಿಲ್ಲ.

ಈ ಯಾವ ಪದವೂ ಒಗ್ಗದ ಸಂದರ್ಭಗಳಿವೆಯೇ?

ಬೇಕಾದಷ್ಟು. ಟೈಂ ಬಾಂಬಿಗೆ ಪೋರ್ಚುಗೀಸಿನಲ್ಲಿ ಬೊಂಬ-ರೆಲೊಜಿಯು, ಗಡಿಯಾರದ ಬಾಂಬು. ಸೈಕಲ್ ಪಂದ್ಯದಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವುದು ಕೊಂತ್ರ-ರೆಲೊಜಿಯು. ಜೈಲುವಾಸ ಅನುಭವಿಸುವುದು ಕುಂಪ್ರಿರ್ ಪೆನ, ಶಿಕ್ಷೆ ಪೂರೈಸುವುದು. ಸಂತೋಷವಾಗಿ ಕಾಲ ಕಳೆಯುವುದು ದಿವೆರ್ತಿರ್-ಸಿ. ಇಲ್ಲಿ 'ಒಳ್ಳೆಯ ತೆಂಪು' ಎಂದು ಪದಕ್ಕೆ ಪದ ಇಟ್ಟರೆ ಮಳೆ ನಿಂತ ಸುದ್ದಿಯಾಗುತ್ತದೆ. ಅವಸರವಿಲ್ಲ, ನಿಧಾನವಾಗಿ ಮಾಡಿ ಎನ್ನಲು ಸೆಂ ಪ್ರೆಸ, ಅವಸರವಿಲ್ಲದೆ. ರಜೆಯ ದಿನ ಫೋಲ್ಗ. ಓಟಗಾರರ ವೇಗವನ್ನು ಗಡಿಯಾರ ಹಿಡಿದು ಅಳೆಯುವುದು ಕ್ರೊನೊಮೆತ್ರಾರ್.

ಬಹಳ ದಿನಗಳ ಮೇಲೆ ಸಿಕ್ಕವರನ್ನು ಕಂಡಾಗ ಬ್ರೆಜಿಲ್‌ನವರು ಬರೀ ಕ್ವಾಂತು ತೆಂಪು! ಎನ್ನುತ್ತಾರೆ. ಎಷ್ಟು ಹೊತ್ತು ಎಂಬ ಪ್ರಶ್ನೆಯೇ ಉದ್ಗಾರವಾಗಿ 'ಎಷ್ಟು ದಿನವಾಯಿತು ನೋಡಿ!' ಎಂದಾಗುತ್ತದೆ. ಅದೇ ಬ್ರೆಜಿಲ್‌ನಲ್ಲಿ ದಾ ಉಂ ತೆಂಪು! ಎಂದು ಯಾರಾದರೂ ಸಿಡುಕಿದರೆ 'ಸ್ವಲ್ಪ ಸಮಯ ಕೊಡಿ' ಎಂದು ಸೌಮ್ಯವಾಗಿ ಅನುವಾದಿಸಬೇಡಿ. 'ಸಾಕು, ಬಿಡು ನನ್ನನ್ನು' ಎಂಬ ಬೇಸರ ಅದು.

ಸಂಗೀತದ ಲೇಖನದಲ್ಲಿ?

ಎಚ್ಚರ ಬೇಕಾದ ಜಾಗ. ಇಂಗ್ಲಿಷಿನವರು ಇಟಲಿಯಿಂದ ಎರವಲು ಪಡೆದು ಲಯದ ವೇಗಕ್ಕೆ 'ಟೆಂಪೊ' ಎನ್ನುತ್ತಾರೆ. ಪೋರ್ಚುಗೀಸಿನಲ್ಲಿ ಆ ವೇಗಕ್ಕೆ ಅಂದಮೆಂತು ಎಂದು ಹೆಸರು. ತೆಂಪು ಎಂದರೆ ತಾಳದ ಒಂದು ಪೆಟ್ಟು. ಮೂರು ಪೆಟ್ಟಿನ ಆವರ್ತ ಕೊಂಪಾಸು ದಿ ತ್ರೇಸ್ ತೆಂಪುಸ್. ನೋಡಲು ಒಂದೇ ಪದ, ಅರ್ಥ ಪಕ್ಕಕ್ಕೆ ಸರಿದಿದೆ.

ಸಮಯವಲಯ, ಬೇಸಿಗೆಯ ಗಂಟೆ ಇವುಗಳಿಗೆ ಏನು ಹೇಳಬೇಕು?

ಸಮಯವಲಯ ಫೂಜು ಒರಾರಿಯು. ಬ್ರೆಜಿಲ್‌ನಲ್ಲಿ ಅಂಥ 4 ವಲಯಗಳಿವೆ. ಸುದ್ದಿ ಪ್ರಸಾರಗಳಲ್ಲಿ 'ಬ್ರಸೀಲಿಯ ಗಂಟೆ' ಎಂದು ರಾಜಧಾನಿಯ ಹೆಸರು ಸೇರಿಸಿ ಹೇಳುವುದು ಆ ಕಾರಣಕ್ಕೆ. ಭಾರತ ಆ ಗಂಟೆಗಿಂತ ಎಂಟೂವರೆ ತಾಸು ಮುಂದಿದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಬ್ರೆಜಿಲ್ 2019ರಲ್ಲಿ ಕೈಬಿಟ್ಟಿತು. ಅಲ್ಲಿ ಅದಕ್ಕಿದ್ದ ಹೆಸರು ಒರಾರಿಯು ದಿ ವೆರಾಂವ್. ಪೋರ್ಚುಗಲ್‌ನಲ್ಲಿ ಪದ್ಧತಿ ಉಳಿದಿದೆ, ಹೆಸರು ಓರ ದಿ ವೆರಾಂವ್. ಲಿಸ್ಬನ್‌ಗೂ ನಮಗೂ ಚಳಿಗಾಲದಲ್ಲಿ ಐದೂವರೆ ತಾಸು ಅಂತರ, ಬೇಸಿಗೆಯಲ್ಲಿ ನಾಲ್ಕೂವರೆ. ಅಸೋರಿಸ್ ದ್ವೀಪಗಳು ಲಿಸ್ಬನ್‌ಗಿಂತ ಒಂದು ಗಂಟೆ ಹಿಂದೆ.

ಯಂತ್ರಾನುವಾದ ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ?

ಪೂರ್ತಿ ವಾಕ್ಯ ಕೊಟ್ಟರೆ ಸಾಮಾನ್ಯವಾಗಿ ಸರಿಯಾಗಿಯೇ ನೋಡಿಕೊಳ್ಳುತ್ತದೆ. ಒಂಟಿ ಪದ ಕೊಟ್ಟರೆ ಊಹೆ ಮಾಡುತ್ತದೆ. ಪೋರ್ಚುಗಲ್‌ಗೆ ಬೇಕಾದಾಗ ಬ್ರೆಜಿಲ್‌ನ ರೂಢಿ ನುಸುಳಿದೆಯೇ ಎಂಬುದನ್ನು ಪ್ರತಿ ಸಲ ನೋಡಿಕೊಳ್ಳಿ. ಬ್ರೆಜಿಲ್‌ನ ಜನಸಂಖ್ಯೆ ಪೋರ್ಚುಗಲ್‌ಗಿಂತ ಎಷ್ಟೋ ಪಾಲು ದೊಡ್ಡದು, ಅಂತರ್ಜಾಲದ ಬರಹವೂ ಹಾಗೆಯೇ.

ಯಾವ ನಿಘಂಟು ನೋಡಬೇಕು?

ಪೋರ್ಚುಗಲ್‌ನ ಬಳಕೆಗೆ ಪ್ರಿಬೆರಾಂ ಮತ್ತು ಇಂಫೊಪೆದಿಯ, ಬ್ರೆಜಿಲ್‌ನ ಬಳಕೆಗೆ ಮಿಕಾಯೆಲಿಸ್ ಮತ್ತು ಒವಾಯ್ಸ್. ಮೊದಲ ಮೂರು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಇಂಗ್ಲಿಷ್-ಪೋರ್ಚುಗೀಸ್ ನಿಘಂಟಿನಲ್ಲಿ 'ಟೈಮ್' ತೆರೆದರೆ ಉದ್ದದ ಪಟ್ಟಿ ಬರುತ್ತದೆ, ಆಯ್ಕೆ ಮಾತ್ರ ನಿಮ್ಮ ತಲೆಗೇ ಬೀಳುತ್ತದೆ. ಅದಕ್ಕಿಂತ ನಿಮಗೆ ಸರಿ ಎನಿಸಿದ ಪೋರ್ಚುಗೀಸ್ ಪದವನ್ನೇ ಏಕಭಾಷಾ ನಿಘಂಟಿನಲ್ಲಿ ತೆರೆದು, ಅದರ ಕೆಳಗೆ ಕೊಟ್ಟಿರುವ ಕಟ್ಟುನುಡಿಗಳನ್ನು ಓದಿ. ತೆಂಪು, ಓರ, ವೇಸ್ ಮೂರರ ಕೆಳಗೂ ಅಂಥವು ಸಾಲುಸಾಲಾಗಿವೆ, ಮತ್ತು ನೀವು ಹುಡುಕುತ್ತಿರುವ ವಾಕ್ಯ ಬಹುತೇಕ ಅಲ್ಲೇ ಎಲ್ಲೋ ಇರುತ್ತದೆ.